ಅಪ್‌ಡೇಟ್: ತಂದೆಯವರ ಎಂಬೋಲೈಸೇಷನ್ ಆದ ಮೇಲೆ

ಶ್ವಾಸಕೋಶದಲ್ಲಿ ಉಳಿದ ಹಳೆಯ ಕ್ಷಯದ ಕಲೆಯಿಂದಾಗಿ ಕೆಮ್ಮಿನಲ್ಲಿ ರಕ್ತ ಬರುತ್ತಿದ್ದ ನನ್ನ ತಂದೆಯವರಿಗೆ ಶ್ವಾಸನಾಳದ ಅಪಧಮನಿಯ ಎಂಬೋಲೈಸೇಷನ್ (ರಕ್ತ ಸೋರುವ ನಾಳದೊಳಗೆ ಸಣ್ಣ ಕಣಗಳನ್ನು ಬಿಟ್ಟು ಅದನ್ನು ಮುಚ್ಚುವ ಚಿಕಿತ್ಸೆ) ಮಾಡಿಸಿದರೆ ಏನು ತೊಂದರೆಯಾದೀತು ಎಂದು ಕೇಳಿದ್ದೆ. ಕಳೆದ ವಾರ ಮಂಗಳೂರಿನಲ್ಲಿ ಅದು ಮುಗಿಯಿತು. ಕಣಗಳನ್ನು ಬಿಡುವ ಮೊದಲು, ಬೆನ್ನುಹುರಿಗೆ ರಕ್ತ ಒಯ್ಯುವ ಕವಲು ಅಲ್ಲಿಂದಲೇ ಹೊರಡುತ್ತದೆಯೇ ಎಂದು ವೈದ್ಯರು ಆಂಜಿಯೋಗ್ರಾಮ್‌ನಲ್ಲಿ ಹುಡುಕಿದರು. ಅದು ಮುಚ್ಚಿಹೋದರೆ ಕಾಲುಗಳ ಸ್ವಾಧೀನವೇ ತಪ್ಪಬಹುದಾದ್ದರಿಂದ, ಅಪರೂಪದ್ದಾದರೂ ನಾನು ಹೆಚ್ಚು ಹೆದರಿದ್ದು ಅದಕ್ಕೇ. ರಾತ್ರಿಯಿಡೀ ನರ್ಸ್ ಬಂದು ಬಂದು, ‘ಅಜ್ಜ, ಹೆಬ್ಬೆರಳು ಆಡಿಸಿ’ ಎನ್ನುತ್ತಿದ್ದರು. ಎದೆನೋವು ಮೂರು ದಿನ ಇತ್ತು. ಅನ್ನನಾಳಕ್ಕೂ ಅದೇ ರಕ್ತನಾಳದ ಸಣ್ಣ ಕವಲುಗಳು ಹೋಗುವುದರಿಂದ ನುಂಗುವುದೂ ಕಷ್ಟವಾಗಿ, ಗಂಜಿಯ ತೆಳಿಯನ್ನಷ್ಟೇ ಕುಡಿದರು. ಈಗ ರಕ್ತ ನಿಂತಿದೆ. ಆದರೆ ಕಲೆ ಉಳಿದಿರುವುದರಿಂದ ಮತ್ತೆ ಬರಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ಮುಂದಿನ ತಿಂಗಳು ಮರುತಪಾಸಣೆಯಿದೆ.