ಸಹಾಯ ಬೇಕು: ಹಿಮ್ಮಡಿ ಚುಚ್ಚುವಾಗ ಕೂಸಿಗೆ ತಾಯಿಯ ದನಿ ಕೇಳಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 30ನೇ ವಾರಕ್ಕೇ ಹೆರಿಗೆಯಾಗಿದೆ. ಕೂಸು ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ರಕ್ತ ಪರೀಕ್ಷೆಗೆಂದು ಆಗಾಗ ಹಿಮ್ಮಡಿ ಚುಚ್ಚುತ್ತಾರೆ. ಅಂಗೈಯಗಲದ ಜೀವ ಮುಖ ಕಿವುಚುವುದನ್ನು ನೋಡಲಾರದೆ ತಂಗಿ ಹೊರಗೆ ಬಂದು ನಿಲ್ಲುತ್ತಾಳೆ.

ಅವಳು ಒಳಗೇ ನಿಂತು ಮಾತಾಡಿಸಲಿ ಎಂಬುದು ನನ್ನ ಹಟ. 2021ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನ ಓದಿದೆ. ಇಟಲಿಯ ಆಸ್ಪತ್ರೆಯೊಂದರಲ್ಲಿ 20 ಅವಧಿಪೂರ್ವ ಶಿಶುಗಳಿಗೆ ಹಿಮ್ಮಡಿ ಚುಚ್ಚುವ ಹೊತ್ತಿನಲ್ಲಿ ತಾಯಿ ಮಾತಾಡುತ್ತಿದ್ದಾಗ ನೋವಿನ ಅಂಕ ಸರಾಸರಿ 4.5ರಿಂದ 3ಕ್ಕೆ ಇಳಿದಿತ್ತು, ಮಕ್ಕಳ ಮೈಯಲ್ಲಿ ಆಕ್ಸಿಟೋಸಿನ್ (ಬಾಂಧವ್ಯದ ಹಾರ್ಮೋನ್) ಏರಿತ್ತು. ಇಪ್ಪತ್ತೇ ಮಕ್ಕಳು, ಒಪ್ಪಿದೆ. ಆದರೂ ಕಾಸು ಖರ್ಚಿಲ್ಲದ ಉಪಾಯವಲ್ಲವೇ?

ನರ್ಸ್ ಒಬ್ಬರು ಸದ್ದು ಬೇಡವೆನ್ನುತ್ತಾರೆ. ಅವರ ಮಾತೂ ತಪ್ಪಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇಂಥ ವಾರ್ಡುಗಳಲ್ಲಿ ಸದ್ದು 45 ಡೆಸಿಬೆಲ್ ಮೀರಬಾರದೆಂದು ಹೇಳಿದೆ. (ನಮ್ಮಮ್ಮ ಗಿಲಕಿ ಕಳಿಸಿದ್ದರು. ಅದನ್ನು ಚೀಲದಲ್ಲೇ ಅಡಗಿಸಿಟ್ಟಿದ್ದೇನೆ.)

ಅನುಭವವಿದ್ದವರು ದಯವಿಟ್ಟು ತಿಳಿಸಿ. ಡಾಕ್ಟರರ ಅನುಮತಿಯನ್ನು ಹೇಗೆ ಕೇಳಿದಿರಿ? ಚುಚ್ಚುವುದಕ್ಕೆ ಎಷ್ಟು ಮೊದಲು ಮಾತು ಶುರುಮಾಡಿದಿರಿ? ತಂಗಿ ಇಲ್ಲದ ರಾತ್ರಿಗಳಲ್ಲಿ ಅವಳ ದನಿಯನ್ನು ಮೊಬೈಲ್‌ನಲ್ಲಿ ಮುದ್ರಿಸಿ ಕೇಳಿಸಬಹುದೇ, ಅಥವಾ ಕೂಸನ್ನು ಬೆಚ್ಚಗಿಡುವ ಗಾಜಿನಂಥ ಪೆಟ್ಟಿಗೆಯೊಳಗೆ (ಇನ್‌ಕ್ಯುಬೇಟರ್) ಅದು ಗದ್ದಲವಾದೀತೇ? ಇನ್ನೊಂದು: ಅವಳಿಗೆ ಒಂದು ಜೋಗುಳವೂ ಪೂರ್ತಿ ಬಾರದು. ಮೆಲುದನಿಯಲ್ಲಿ ಹಾಡಬಹುದಾದ ನಾಲ್ಕು ಸಾಲು ಯಾರಾದರೂ ಹೇಳಿಕೊಡಿ. ನಾಳೆ ಬೆಳಿಗ್ಗೆ ದೊಡ್ಡ ಡಾಕ್ಟರ್ ಬರುತ್ತಾರೆ, ಅಷ್ಟರೊಳಗೆ ಉತ್ತರ ಸಿಕ್ಕರೆ ಉಪಕಾರ.