ಹುಲ್ಲು ಹೊಡೆಯೋ ಮೆಷಿನ್ ಸ್ಟಾರ್ಟ್ ಆಗ್ತಿಲ್ಲ, ಏನು ನೋಡಬೇಕು?

ಕೇಳಿದ್ದು, ತೀರ್ಥಹಳ್ಳಿ ಕಡೆಯಿಂದ:
ನಮ್ಮದು ಟೂ ಸ್ಟ್ರೋಕ್ ವೀಡ್ ಕಟರ್. ಆಗಸ್ಟ್‌ನಲ್ಲಿ ತೋಟದ ಹುಲ್ಲು ಹೊಡೆದು ಕೊಟ್ಟಿಗೆಯಲ್ಲಿ ನೇತುಹಾಕಿದ್ದೆ. ಈಗ ಅಡಿಕೆ ಕೊಯ್ಲಿಗೆ ಮುಂಚೆ ಇನ್ನೊಂದು ಸಲ ಹೊಡೆಯೋಣ ಅಂತ ತೆಗೆದರೆ, ಹಗ್ಗ ಎಳೆದು ಎಳೆದು ಭುಜ ನೋವು ಬಂತೇ ಹೊರತು ಒಂದು ಸಲವೂ ಡುರ್ ಅನ್ನಲಿಲ್ಲ. ಮುಂದಿನ ವಾರ ಅಡಿಕೆ ಕೊಯ್ಯುವ ಕೊನೆಗಾರರು ಬರುತ್ತಾರೆ. ಮೆಕ್ಯಾನಿಕ್ ಹತ್ತಿರ ಒಯ್ಯುವ ಮೊದಲು ಮನೆಯಲ್ಲೇ ಏನಾದರೂ ನೋಡಬಹುದಾ?

ಸಾಗರದಿಂದ:
ಆಗಸ್ಟ್‌ನ ಪೆಟ್ರೋಲ್ ಟ್ಯಾಂಕಲ್ಲೇ ಇದೆ ಅಲ್ವಾ? ಮೊದಲು ಅದನ್ನು ತೆಗೀರಿ, ಉಳಿದದ್ದು ಆಮೇಲೆ. ಹೋದ ವರ್ಷ ನಾನೂ ಹೀಗೇ ಎರಡು ದಿನ ಒದ್ದಾಡಿದೆ. ಪ್ಲಗ್ ಹೊಸದು ಹಾಕಿದೆ, ಏರ್ ಫಿಲ್ಟರ್ ತೊಳೆದೆ, ಏನೂ ಆಗಲಿಲ್ಲ. ಕೊನೆಗೆ ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ಬೆಳಕಿಗೆ ಹಿಡಿದರೆ ಗಂಜಿ ತಿಳಿಯ ಹಾಗೆ ಮಬ್ಬು. ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ಅರ್ಧ ಬೆರಳಿನಷ್ಟು ಬೇರೆಯೇ ಪದರ ನಿಂತಿತ್ತು. ಈಗಿನ ಪೆಟ್ರೋಲ್‌ನಲ್ಲಿ 20% ವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದ ಥಂಡಿ ಗೊತ್ತಲ್ಲ. ನೀರು ಜಾಸ್ತಿಯಾದರೆ ಎಥನಾಲ್ ಜೊತೆ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ, ಹಾಗಾಗಿ ಇಂಜಿನ್‌ಗೆ ಮೊದಲು ಹೋಗುವುದು ಅದೇ ನೀರು.

ಪೂರ್ತಿ ಬಸಿದು, ಸ್ವಲ್ಪ ಹೊಸ ಪೆಟ್ರೋಲ್ ಹಾಕಿ ಅಲ್ಲಾಡಿಸಿ, ಅದನ್ನೂ ಚೆಲ್ಲಿ. ಆಮೇಲೆ ಪೆಟ್ರೋಲ್‌ಗೆ ಆಯಿಲ್ ಬೆರೆಸಿದ ಹೊಸ ಮಿಕ್ಸ್ ಹಾಕಿ. ಮೆಷಿನ್ ಮೇಲೆ 25:1 ಅಂತಿದ್ದರೆ ಲೀಟರ್ ಪೆಟ್ರೋಲಿಗೆ 40 ಎಂಎಲ್ ಟುಟಿ (2T, ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್, 50:1 ಅಂತಿದ್ದರೆ 20. ದಯವಿಟ್ಟು ಅಂದಾಜಿನಲ್ಲಿ ಸುರಿಯಬೇಡಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ನೇ ಹೋಗುತ್ತದೆ.

ಪುತ್ತೂರಿನಿಂದ:
ಪ್ಲಗ್ ಬಿಚ್ಚಿ ನೋಡಿ ಮಾರಾಯ್ರೆ, ಅದೇ ಎಲ್ಲ ಹೇಳುತ್ತದೆ. ಒಣಗಿದ್ದರೆ ಪೆಟ್ರೋಲ್ ಬರುತ್ತಾ ಇಲ್ಲ. ಒದ್ದೆ ಇದ್ದರೆ ಜಾಸ್ತಿ ಬಂದಿದೆ, ಇಲ್ಲವೇ ಕಿಡಿ ಇಲ್ಲ. ಒದ್ದೆ ಇದ್ದರೆ ಒರೆಸಿ ಒಣಗಿಸಿ, ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ತಡೆಯುವ ಮುಚ್ಚಳ) ತೆರೆದು, ಪ್ಲಗ್ ಇಲ್ಲದೆಯೇ ಹತ್ತು ಸಲ ಹಗ್ಗ ಎಳೆಯಿರಿ. ಒಳಗಿನ ಪೆಟ್ರೋಲ್ ಹೊರಗೆ ಹಾರುತ್ತದೆ, ಮುಖ ಆಚೆ ಇಟ್ಟುಕೊಳ್ಳಿ. ಅದು ಪೂರ್ತಿ ಆರಿದ ಮೇಲೆ ಮೆಷಿನನ್ನು ಬೇರೆ ಜಾಗಕ್ಕೆ ಒಯ್ದು, ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗ ಇಂಜಿನ್‌ಗೆ ತಾಗಿಸಿ ಎಳೆದರೆ ನೀಲಿ ಕಿಡಿ ಕಾಣಬೇಕು.

ಶಿರಸಿಯಿಂದ:
ಅಣ್ಣ, ಸೈಲೆನ್ಸರ್ ಬಾಯಿಯನ್ನೂ ಒಮ್ಮೆ ನೋಡಿ. ನಮ್ಮನೆಯಲ್ಲಿ ಹುಲ್ಲು ಹೊಡೆಯುವುದು ನಾನೇ. ಒಂದು ಸಲ ಪೆಟ್ರೋಲ್ ಸರಿ, ಕಿಡಿ ಸರಿ, ಆದರೂ ಸ್ಟಾರ್ಟ್ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿ ಬಾಯಿ ಪೂರ್ತಿ ಮುಚ್ಚಿಬಿಟ್ಟಿತ್ತು. ಹೊಗೆ ಹೋಗಲು ದಾರಿ ಇಲ್ಲದಿದ್ದರೆ ಇಂಜಿನ್ ಹೇಗೆ ತಿರುಗುತ್ತದೆ? ತಂತಿಯಿಂದ ಕೆದಕಿ ಮಣ್ಣು ಉದುರಿಸಿದೆ, ನಾಲ್ಕನೇ ಎಳೆತಕ್ಕೆ ಶುರುವಾಯಿತು. ಈಗ ಇಡುವಾಗ ಬಟ್ಟೆ ತುರುಕಿ ಇಡುತ್ತೇನೆ.

ತೀರ್ಥಹಳ್ಳಿಯಿಂದ, ಮರುದಿನ:
ಪೆಟ್ರೋಲ್ ಮಬ್ಬೇ ಇತ್ತು! ಬದಲಾಯಿಸಿ ಏಳೆಂಟು ಸಲ ಎಳೆದ ಮೇಲೆ ಸ್ಟಾರ್ಟ್ ಆಯಿತು. ಆದರೆ ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆ.

ಸಾಗರದಿಂದ:
ಅರ್ಧ ಗೆದ್ದಿರಿ. ಚೋಕ್ ಇದ್ದಾಗ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಸಾಕಾಗುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಎಳೆದು ನೋಡಿ, ಕಪ್ಪಾಗಿದ್ದರೆ ಬದಲಾಯಿಸಿ. ಪೈಪ್ ಬಗ್ಗಿಸಿ ನೋಡಿ, ಬಿರುಕಿದ್ದರೆ ಗಾಳಿ ಎಳೆಯುತ್ತದೆ. ಎರಡೂ ಸರಿ ಇದ್ದರೆ ಕಾರ್ಬ್ಯುರೇಟರ್ ಒಳಗೆ ಅಂಟು ಕೂತಿದೆ, ಅಥವಾ ಅದರ ರಬ್ಬರ್ ಪರದೆ ಗಟ್ಟಿಯಾಗಿದೆ. ಅದನ್ನು ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರವೇ ಒಯ್ಯಿರಿ. ಆದರೆ ಇವತ್ತೇ ಒಯ್ಯಿರಿ, ಕೊಯ್ಲಿನ ಸಮಯದಲ್ಲಿ ಅವರ ಅಂಗಡಿ ಮುಂದೆ ಸಾಲು ಇರುತ್ತದೆ.