ಪಿಸಿಜಿಎಸ್‌ಗೆ ಕಳಿಸಬೇಕಾ, ಎನ್‌ಜಿಸಿಗೆ ಕಳಿಸಬೇಕಾ? ಗ್ರೇಡಿಂಗ್ ಬಗ್ಗೆ ಸದಸ್ಯರ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಹತ್ತಿರ ಕೆಲವು ಮಾರ್ಗನ್ ಡಾಲರ್‌ಗಳಿವೆ, ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳು. ಬೇರೆ ಬೇರೆ ದೇಶಗಳ ಹಳೆಯ ಬೆಳ್ಳಿ ನಾಣ್ಯಗಳೂ ಇವೆ. ಗ್ರೇಡಿಂಗ್, ಅಂದರೆ ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಕೆಲಸ, ಅದನ್ನು ಮಾಡಿಸೋಣ ಅಂದುಕೊಂಡಿದ್ದೇನೆ. ಆ ಕೆಲಸ ಮಾಡುವ ಅಮೆರಿಕದ ಎರಡು ಕಂಪನಿಗಳ ಹೆಸರು ಕೇಳುತ್ತೇನೆ. ಒಬ್ಬರು ಪಿಸಿಜಿಎಸ್ ಬಿಟ್ಟು ಬೇರೆ ಕಡೆ ನೋಡಲೇಬೇಡಿ ಅನ್ನುತ್ತಾರೆ. ಇನ್ನೊಬ್ಬರು ಎನ್‌ಜಿಸಿ ಏನೂ ಕಮ್ಮಿಯಿಲ್ಲ ಅನ್ನುತ್ತಾರೆ. ಎರಡೂ ಕಡೆ ಅದೇ 70ರ ಅಳತೆ ಅಲ್ವಾ? ಮತ್ತೆ ಯಾಕೆ ಜನ ಇಷ್ಟು ಹಟ ಹಿಡಿಯುತ್ತಾರೆ?

ಉತ್ತರ: ನಮಸ್ಕಾರ ಸರ್. ಅಳತೆ ಒಂದೇ, ನಿಜ. 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ತಾಮ್ರದ ದೊಡ್ಡ ಸೆಂಟ್‌ಗಳಿಗೆ ಅಂತ 1ರಿಂದ 70ರ ಅಳತೆ ಮಾಡಿದರು. ಆಮೇಲೆ ಅದೇ ಎಲ್ಲ ನಾಣ್ಯಗಳಿಗೂ ಬಂತು. ಚಲಾವಣೆಗೆ ಹೋಗದ ನಾಣ್ಯ ಅಂದರೆ 60ರಿಂದ 70. ಆದರೆ ಆ ಅಂಕ ಕೊಡುವುದು ಮನುಷ್ಯರ ಕಣ್ಣು. ಗೀರು ಎಷ್ಟಿದೆ, ಹೊಳಪು ಹೇಗಿದೆ, ಅಚ್ಚು ಸರಿಯಾಗಿ ಬಿದ್ದಿದೆಯಾ, ಒಟ್ಟಾರೆ ನೋಡಲು ಚೆನ್ನಾಗಿದೆಯಾ, ಇಷ್ಟನ್ನೂ ಸೇರಿಸಿ ಒಂದು ಅಂಕಕ್ಕೆ ಬರಬೇಕು. ನಿಮ್ಮ ಮಾರ್ಗನ್ ಡಾಲರನ್ನೇ ನೋಡಿ. ಅದರ ಮೇಲೆ ಲಿಬರ್ಟಿ ಅನ್ನುವ ಹೆಣ್ಣಿನ ಮುಖ ಇದೆ. ಅವಳ ಕೆನ್ನೆ ದೊಡ್ಡದು, ಬಯಲಾಗಿದೆ. ಅಲ್ಲಿ ಬಿದ್ದ ಒಂದು ಗೀರು ಕೂದಲಿನ ಮಧ್ಯೆ ಬಿದ್ದ ನಾಲ್ಕು ಗೀರಿಗಿಂತ ಜಾಸ್ತಿ ಕಾಣುತ್ತದೆ. ಅದಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವುದರಲ್ಲಿ 64 ಮತ್ತು 65ರ ನಡುವೆ ಅಭಿಪ್ರಾಯ ಬೇರೆಯಾಗುತ್ತದೆ. ಅದೇ ನಾಣ್ಯ ಅದೇ ಕಂಪನಿಗೆ ಎರಡನೇ ಸಲ ಹೋದರೂ ಬೇರೆ ಅಂಕ ಬರಬಹುದು.

ಹಾಗಾಗಿ ಯಾವ ಕಂಪನಿ ಹೆಚ್ಚು ಸರಿ ಅನ್ನುವ ಪ್ರಶ್ನೆಗೆ ಪೂರ್ತಿ ಉತ್ತರ ಇಲ್ಲ. ಈ ನಾಣ್ಯವನ್ನು ಮುಂದೆ ಯಾರು ಕೊಳ್ಳುತ್ತಾರೆ, ಅವರು ಯಾರ ಲೇಬಲ್ ನೋಡಿ ಧೈರ್ಯವಾಗಿ ಹಣ ಕೊಡುತ್ತಾರೆ? ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ. ಅಮೆರಿಕದ ನಾಣ್ಯಗಳಲ್ಲಿ, ಅದರಲ್ಲೂ ಮೇಲಿನ ಗ್ರೇಡ್‌ಗಳಲ್ಲಿ, ಒಂದೇ ಅಂಕ ಇದ್ದರೂ ಪಿಸಿಜಿಎಸ್ ಹೋಲ್ಡರ್‌ನಲ್ಲಿ, ಅಂದರೆ ಅವರು ಅಂಕ ಬರೆದು ಮುಚ್ಚಿ ಕೊಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಇರುವುದಕ್ಕೆ ಸಾಮಾನ್ಯವಾಗಿ ಬೆಲೆ ಸ್ವಲ್ಪ ಜಾಸ್ತಿ ಸಿಗುತ್ತದೆ. ನಿಮ್ಮ ಮಾರ್ಗನ್‌ಗಳನ್ನು ಮಾರುವ ಯೋಚನೆ ಇದ್ದರೆ ನಾನು ಅಲ್ಲಿಗೇ ಕಳಿಸುತ್ತೇನೆ. ಬೇರೆ ದೇಶಗಳ ಬೆಳ್ಳಿಗೆ ಎನ್‌ಜಿಸಿ ನನಗೆ ಇಷ್ಟ. ಆ ನಾಣ್ಯಗಳಲ್ಲಿ ಅವರ ಅಭ್ಯಾಸ ದೊಡ್ಡದು. ಕೊಳ್ಳುವವರೂ ಆ ಹೋಲ್ಡರ್‌ಗೆ ಒಗ್ಗಿಕೊಂಡಿದ್ದಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ಮಾರುವುದೇ ಇಲ್ಲ. ಸೆಟ್ ಪೂರ್ತಿ ಮಾಡುವುದಷ್ಟೇ ಆಸೆ. ಆಗ ಯಾವುದಾದರೂ ಒಂದೇ ಅಲ್ವಾ?

ಉತ್ತರ: ಸೆಟ್ ಕಟ್ಟುವವರಿಗೇ ಇದು ಜಾಸ್ತಿ ಮುಖ್ಯ. ಪಿಸಿಜಿಎಸ್‌ನವರು ಸೆಟ್ ರಿಜಿಸ್ಟ್ರಿ ಅಂತ ನಡೆಸುತ್ತಾರೆ. ನಿಮ್ಮ ಸಂಗ್ರಹವನ್ನು ಅಲ್ಲಿ ದಾಖಲಿಸಿದರೆ ಉಳಿದವರ ಸೆಟ್‌ಗಳ ಜೊತೆ ಅಂಕ ಹೋಲಿಸಿ ಸ್ಥಾನ ಕೊಡುತ್ತಾರೆ. ಅಲ್ಲಿಗೆ ಅವರದೇ ಹೋಲ್ಡರ್‌ನ ನಾಣ್ಯ ಮಾತ್ರ ಸೇರುತ್ತದೆ. ಎನ್‌ಜಿಸಿಯ 66 ಎಷ್ಟೇ ಚೆಂದ ಇರಲಿ, ಜಾಗ ಇಲ್ಲ. ಅದಕ್ಕೇ ಎಷ್ಟೋ ಜನ ಶುರುವಿನಲ್ಲೇ ಒಂದು ಕಂಪನಿ ಹಿಡಿದು ಕೊನೆತನಕ ಅದರಲ್ಲೇ ಹೋಗುತ್ತಾರೆ. ಹೋಲ್ಡರ್‌ಗಳು ಒಂದೇ ಥರ ಇದ್ದರೆ ಪೆಟ್ಟಿಗೆಯಲ್ಲಿ ಚೆನ್ನಾಗಿ ಕೂರುತ್ತವೆ ಅನ್ನುವುದೂ ಕೆಲವರಿಗೆ ಕಾರಣವೇ, ಅದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಅಂಕದ ಜೊತೆ ಬರುವ ವಿಶೇಷ ಗುರುತುಗಳ ನಿಯಮ ಎರಡು ಕಂಪನಿಗಳಲ್ಲಿ ಒಂದೇ ಅಲ್ಲ. ಫ್ರಾಂಕ್ಲಿನ್ ಅರ್ಧ ಡಾಲರ್‌ನ ಹಿಂಭಾಗದಲ್ಲಿ ಲಿಬರ್ಟಿ ಗಂಟೆ ಇದೆ. ಅದರ ಮೇಲೆ ಎರಡು ಕಡೆ ಅಡ್ಡಗೆರೆಗಳಿವೆ. ಕೆಳಗಿನ ಗೆರೆಗಳು ಪೂರ್ತಿ ಮೂಡಿದ್ದರೆ ಪಿಸಿಜಿಎಸ್ 'ಫುಲ್ ಬೆಲ್ ಲೈನ್ಸ್' ಅಂತ ಬರೆಯುತ್ತದೆ. ಎನ್‌ಜಿಸಿಗೆ ಮೇಲಿನ ಗೆರೆಗಳೂ ಪೂರ್ತಿ ಇರಬೇಕು. ಕೆಳಗಿನದು ಮಾತ್ರ ಪೂರ್ತಿ ಇರುವ ನಾಣ್ಯಕ್ಕೆ ಒಂದು ಕಡೆ ಆ ಗುರುತು ಸಿಗುತ್ತದೆ, ಇನ್ನೊಂದು ಕಡೆ ಸಿಗುವುದಿಲ್ಲ! ಬೆಲೆಯ ವ್ಯತ್ಯಾಸವೆಲ್ಲ ಆ ಗುರುತಿನಲ್ಲೇ ಇರುವ ವರ್ಷಗಳಿವೆ. ಅಂಥ ನಾಣ್ಯಕ್ಕೆ ಕಂಪನಿ ಆರಿಸುವ ಮೊದಲು ಲೆನ್ಸ್ ಹಿಡಿದು ಗೆರೆ ನೋಡಿ. ಬಹಳ ಚೆಂದ ಇರುವ ನಾಣ್ಯಕ್ಕೆ ಎನ್‌ಜಿಸಿ ಅಂಕದ ಪಕ್ಕ ನಕ್ಷತ್ರ ಹಾಕುತ್ತದೆ. ಬಣ್ಣ ಬಂದ, ಅಂದರೆ ಟೋನಿಂಗ್ ಆದ ಬೆಳ್ಳಿ ಕೂಡಿಸುವವರು ಆ ನಕ್ಷತ್ರಕ್ಕಾಗಿಯೇ ಅಲ್ಲಿಗೆ ಕಳಿಸುತ್ತಾರೆ. ಅದೇ ಥರದ ನಾಣ್ಯವನ್ನು ಪಿಸಿಜಿಎಸ್‌ಗೆ ಕಳಿಸುವವರು ಟ್ರೂವ್ಯೂ ಅನ್ನುವ ಅವರ ಫೋಟೋಗೆ ಮನಸೋತವರು.

ಪ್ರಶ್ನೆ: ಮೇಡಂ, ಒಂದು ಕಂಪನಿಯ 65 ಇತ್ತು. ಇನ್ನೊಂದು ಕಂಪನಿಗೆ ಕ್ರಾಸ್‌ಓವರ್‌ಗೆ, ಅಂದರೆ ಅವರ ಹೋಲ್ಡರ್‌ಗೆ ಬದಲಾಯಿಸಲಿಕ್ಕೆ, ಕಳಿಸಿದೆ. ಹಾಗೇ ವಾಪಸ್ ಬಂತು. ಇದು ಮತ್ತೊಬ್ಬರ ಹೋಲ್ಡರ್ ಅಂತ ಬೇಕಂತಲೇ ಮಾಡುತ್ತಾರಾ?

ಉತ್ತರ: ಬೇಜಾರಾಗುವುದು ಸಹಜ. ಆದರೆ ಬೇಕಂತಲೇ ಮಾಡಿದರು ಅಂತ ನಾನು ಹೇಳುವುದಿಲ್ಲ. ಕ್ರಾಸ್‌ಓವರ್‌ನಲ್ಲಿ ನಾಣ್ಯವನ್ನು ಹಳೆಯ ಹೋಲ್ಡರ್‌ನ ಒಳಗೇ, ಪ್ಲಾಸ್ಟಿಕ್‌ನ ಮೂಲಕ ನೋಡಬೇಕು. ಅಂಚು ಸರಿಯಾಗಿ ಕಾಣುವುದಿಲ್ಲ. ಪ್ಲಾಸ್ಟಿಕ್ ಮೇಲಿನ ಗೀರು ನಾಣ್ಯದ ಗೀರಿನ ಹಾಗೆ ಕಾಣಬಹುದು. ಅನುಮಾನ ಬಂದರೆ ಗ್ರೇಡರ್ ಹಿಂದೆ ಸರಿಯುತ್ತಾರೆ, ಯಾಕೆಂದರೆ ಅಂಕ ಕೊಟ್ಟ ಮೇಲೆ ಗ್ಯಾರಂಟಿ ಅವರ ತಲೆಯ ಮೇಲೆ. ಕಳಿಸುವಾಗ ಕನಿಷ್ಠ ಇಷ್ಟು ಗ್ರೇಡ್ ಬರಲೇಬೇಕು ಅಂತ ಬರೆಯಬಹುದು. ಅಷ್ಟು ಬರದಿದ್ದರೆ ಹಳೆಯ ಹೋಲ್ಡರ್ ಒಡೆಯದೆ ವಾಪಸ್ ಕೊಡುತ್ತಾರೆ. ಶುಲ್ಕ ಹೋಗುತ್ತದೆ, ಅಷ್ಟೇ. 65ರಲ್ಲಿ ಗಟ್ಟಿಯಾಗಿ ನಿಲ್ಲುವ ನಾಣ್ಯ ಮಾತ್ರ ಕಳಿಸಿ. 64ಕ್ಕೂ 65ಕ್ಕೂ ನಡುವೆ ತೂಗುತ್ತಿರುವುದನ್ನು ಕಳಿಸಿ ಹಣ ಕಳೆದುಕೊಳ್ಳಬೇಡಿ.

ಗಟ್ಟಿಯಾಗಿ ನಿಲ್ಲುತ್ತದಾ ಅಂತ ಹೇಳಲಿಕ್ಕೆಂದೇ ಒಂದು ಸಂಸ್ಥೆ ಇದೆ, ಸಿಎಸಿ. ಜಾನ್ ಅಲ್ಬನೀಸ್ 2007ರಲ್ಲಿ ಶುರು ಮಾಡಿದ್ದು. 1987ರಲ್ಲಿ ಎನ್‌ಜಿಸಿ ಕಟ್ಟಿದವರೂ ಇವರೇ. ಆಗಲೇ ಪಿಸಿಜಿಎಸ್ ಅಥವಾ ಎನ್‌ಜಿಸಿ ಹೋಲ್ಡರ್‌ನಲ್ಲಿರುವ ಅಮೆರಿಕದ ನಾಣ್ಯವನ್ನು ಅವರು ಇನ್ನೊಮ್ಮೆ ನೋಡುತ್ತಾರೆ. ಆ ಗ್ರೇಡ್‌ಗೆ ಸರಿಯಾಗಿದ್ದರೆ ಹಸಿರು ಸ್ಟಿಕ್ಕರ್. ಅದಕ್ಕಿಂತ ಮೇಲಿದ್ದರೆ ಚಿನ್ನದ ಬಣ್ಣದ್ದು. ಹಸಿರು ಸ್ಟಿಕ್ಕರ್ ಇರುವ ಎನ್‌ಜಿಸಿ ನಾಣ್ಯ ಸ್ಟಿಕ್ಕರ್ ಇಲ್ಲದ ಪಿಸಿಜಿಎಸ್ ನಾಣ್ಯಕ್ಕಿಂತ ಹೆಚ್ಚು ಬೆಲೆಗೆ ಹೋಗುವುದೂ ಉಂಟು. 2023ರಿಂದ ಅವರು ಸ್ವಂತ ಹೋಲ್ಡರ್‌ನಲ್ಲೂ ಗ್ರೇಡ್ ಮಾಡುತ್ತಿದ್ದಾರೆ. ಬಿಗಿಯಾದ ಗ್ರೇಡಿಂಗ್ ಬೇಕು ಅನ್ನುವವರು ಈಗ ಆ ಕಡೆ ತಿರುಗಿದ್ದಾರೆ.

ಪ್ರಶ್ನೆ: ಎಎನ್‌ಎಸಿಎಸ್, ಐಸಿಜಿ ಅನ್ನುವ ಗ್ರೇಡಿಂಗ್ ಕಂಪನಿಗಳ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ಅವು ಸುಮ್ನೆನಾ?

ಉತ್ತರ: ಖಂಡಿತ ಅಲ್ಲ. ಎಎನ್‌ಎಸಿಎಸ್ ಎಲ್ಲಕ್ಕಿಂತ ಹಳೆಯದು, 1972ರದ್ದು. ಪಿಸಿಜಿಎಸ್ ಹುಟ್ಟಿದ್ದು 1985ರಲ್ಲಿ. ಅಚ್ಚಿನ ದೋಷ, ಅಚ್ಚಿನ ಸಣ್ಣ ಸಣ್ಣ ಭೇದಗಳನ್ನು ಹುಡುಕುವವರು ಎಎನ್‌ಎಸಿಎಸ್ ಅನ್ನು ಇವತ್ತಿಗೂ ನಂಬುತ್ತಾರೆ. ನಾಣ್ಯ ಅಸಲಿಯಾ ಅಂತ ತಿಳಿದರೆ ಸಾಕು, ಮಾರುವ ಅವಸರ ಇಲ್ಲ ಅಂದರೆ ಅದು ಒಳ್ಳೆಯ ಆಯ್ಕೆ. ಮಾರುವಾಗ ಮಾತ್ರ ಕೊಳ್ಳುವವರು ಸಾಮಾನ್ಯವಾಗಿ ಕಡಿಮೆ ಬೆಲೆ ಹೇಳುತ್ತಾರೆ. ಯಾರೂ ಕೇಳರಿಯದ ಹೆಸರಿನ ಹೋಲ್ಡರ್‌ನಲ್ಲಿ 70 ಅಂತ ಬರೆದಿದ್ದರೆ ಆ ಅಂಕವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಗ್ರೀಕ್, ರೋಮನ್ ನಾಣ್ಯ ಕಳಿಸಬಹುದಾ?

ಉತ್ತರ: ಎನ್‌ಜಿಸಿಯಲ್ಲಿ ಅದಕ್ಕೆ ಬೇರೆ ವಿಭಾಗವೇ ಇದೆ. ಅಲ್ಲಿ 70ರ ಅಂಕ ಇಲ್ಲ. ಗ್ರೇಡ್ ಅಕ್ಷರಗಳಲ್ಲಿ ಬರುತ್ತದೆ. ಅಚ್ಚಿಗೆ 5ರಲ್ಲಿ ಎಷ್ಟು, ಮೇಲ್ಮೈಗೆ 5ರಲ್ಲಿ ಎಷ್ಟು ಅಂತ ಬೇರೆ ಬೇರೆ ಕೊಡುತ್ತಾರೆ. ಕೈಯಲ್ಲಿ ಹೊಡೆದ ನಾಣ್ಯಕ್ಕೆ ಇದು ಬಹಳ ನ್ಯಾಯವಾದ ಕ್ರಮ ಅಂತ ನನ್ನ ಅನಿಸಿಕೆ. ಒಂದು ಮಾತು ನೆನಪಿರಲಿ: ಅಸಲಿ ಅಂತ ಅವರಿಗೆ ಅನಿಸಿದ್ದನ್ನು ಮಾತ್ರ ಹೋಲ್ಡರ್‌ಗೆ ಹಾಕುತ್ತಾರೆ, ಆದರೆ ಆಧುನಿಕ ನಾಣ್ಯಗಳಿಗೆ ಇರುವ ಗ್ಯಾರಂಟಿ ಇವಕ್ಕೆ ಇಲ್ಲ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಮೇಡಂ. ಕಳಿಸುವ ಮೊದಲು ಡಾಲರ್‌ಗಳನ್ನು ಸ್ವಲ್ಪ ತೊಳೆದು ಒರೆಸಿಬಿಡಲಾ?

ಉತ್ತರ: ಅಯ್ಯೋ, ದಯವಿಟ್ಟು ಬೇಡ ಸರ್! ಬಟ್ಟೆಯಿಂದ ಉಜ್ಜಿದರೆ ಎಳೆಯಂಥ ಗೀರುಗಳು ಬೀಳುತ್ತವೆ. ಗ್ರೇಡರ್ ಅದನ್ನು ಬೆಳಕಿನಲ್ಲಿ ಒಮ್ಮೆ ವಾಲಿಸಿದರೆ ಸಾಕು, ಕಂಡುಬಿಡುತ್ತದೆ. ಆಗ ಅಂಕವೇ ಇರುವುದಿಲ್ಲ. ಲೇಬಲ್ ಮೇಲೆ 'ಡೀಟೇಲ್ಸ್', ಪಕ್ಕದಲ್ಲಿ 'ಕ್ಲೀನ್ಡ್' ಅಂತ ಬರುತ್ತದೆ. ಯಾವ ಕಂಪನಿಗೆ ಕಳಿಸಿದರೂ ಇದೇ. ನಾಣ್ಯದ ಮೇಲೆ ಅಂಟು, ಪಿವಿಸಿ ಪ್ಲಾಸ್ಟಿಕ್‌ನಿಂದ ಬಂದ ಹಸಿರು ಜಿಡ್ಡು ಏನಾದರೂ ಇದ್ದರೆ ಅದನ್ನು ತೆಗೆಯುವ ಸೇವೆ ಎರಡೂ ಕಡೆ ಇದೆ, ಅವರಿಗೇ ಬಿಡಿ. ಮುಖ ಮುಟ್ಟದೆ, ಅಂಚು ಹಿಡಿದು, ಪಿವಿಸಿ ಇಲ್ಲದ ಫ್ಲಿಪ್‌ನಲ್ಲಿ, ಅಂದರೆ ನಾಣ್ಯ ಇಡುವ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ, ಹಾಕಿ. ಕೆನ್ನೆಯ ಕ್ಲೋಸಪ್ ಜೊತೆಗೆ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ. ಗ್ರೇಡಿಂಗ್ ಖರ್ಚಿಗೆ ತಕ್ಕ ನಾಣ್ಯ ಯಾವುದು, ಹಾಗೇ ಇಟ್ಟುಕೊಳ್ಳಬೇಕಾದದ್ದು ಯಾವುದು ಅಂತ ಒಂದೊಂದಾಗಿ ನೋಡಿ ಹೇಳುತ್ತೇನೆ.